ತೆರೆಯ ಮೇಲೆ ಪ್ರವಾದಿಗಳ ಕಥೆ: ನೋಡಿದವರು ಏನೆನ್ನುತ್ತಾರೆ?

ಅಮೆರಿಕದಲ್ಲಿ ಸಿನೆಮಾಸ್ಕೋರ್ ಎಂಬ ಒಂದು ಸಂಸ್ಥೆಯಿದೆ. ಹೊಸ ಚಿತ್ರ ಬಿಡುಗಡೆಯಾದಾಗ ಅದರವರು ಚಿತ್ರಮಂದಿರದ ಬಾಗಿಲಲ್ಲಿ ನಿಂತು, ನೋಡಿ ಹೊರಬಂದವರ ಕೈಗೆ ಚೀಟಿ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಮಕ್ಕಳ ಅಂಕಪಟ್ಟಿಯಂತೆ 'ಎ' ಯಿಂದ 'ಎಫ್' ವರೆಗೆ ದರ್ಜೆ. 2004ರಲ್ಲಿ ತೆರೆಕಂಡ ಮೆಲ್ ಗಿಬ್ಸನ್‌ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್'ಗೆ ಪ್ರೇಕ್ಷಕರು 'ಎ ಪ್ಲಸ್' ಕೊಟ್ಟರು. ಹತ್ತು ವರ್ಷಗಳ ನಂತರ 2014ರಲ್ಲಿ ಬಂದ ಡ್ಯಾರೆನ್ ಅರೊನೊಫ್‌ಸ್ಕಿಯ 'ನೋವಾ' ಚಿತ್ರಕ್ಕೆ ಸಿಕ್ಕಿದ್ದು ಬರೇ 'ಸಿ'. ಎರಡೂ ಬೈಬಲಿನ ಕಥೆಗಳೇ. ವಿಶೇಷವೆಂದರೆ ಪತ್ರಿಕೆಗಳ ವಿಮರ್ಶಕರ ಲೆಕ್ಕ ಬೇರೆಯೇ ಇತ್ತು. ಅವರಲ್ಲಿ ಹೆಚ್ಚಿನವರು 'ನೋವಾ'ವನ್ನು ಮೆಚ್ಚಿದ್ದರು, 'ಪ್ಯಾಶನ್' ಬಗ್ಗೆ ಅವರಲ್ಲೇ ಒಡಕಿತ್ತು.

ವಿಮರ್ಶಕ ಚಿತ್ರವನ್ನು ಚಿತ್ರವಾಗಿ ಅಳೆಯುತ್ತಾನೆ. ಸಾಮಾನ್ಯ ಪ್ರೇಕ್ಷಕನಾದರೋ ಮನೆಯಲ್ಲಿ ಅಜ್ಜಿಯಿಂದ ಕೇಳಿದ, ಪ್ರಾರ್ಥನಾಲಯದಲ್ಲಿ ಕಲಿತ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಳಗೆ ಹೋಗಿರುತ್ತಾನೆ. ಆ ಕಥೆ ತೆರೆಯ ಮೇಲೆ ಸಿಗದಿದ್ದರೆ ಅವನಿಗೆ ಮೋಸಹೋದ ಭಾವನೆ.

'ನೋವಾ'ದಲ್ಲಿ ಏನಿತ್ತು? ಕಲ್ಲುಬಂಡೆಗಳಂತಿರುವ ದೈತ್ಯರು ನಾವೆ ಕಟ್ಟಲು ನೆರವಾಗುತ್ತಾರೆ. ಶತ್ರುಗಳ ನಾಯಕ ಕದ್ದು ನಾವೆಯೊಳಗೆ ನುಸುಳುತ್ತಾನೆ. ಮಾನವಕುಲವೇ ಉಳಿಯಬಾರದೆಂದು ನಂಬಿದ ನೋಹ, ಆಗ ತಾನೇ ಹುಟ್ಟಿದ ಮೊಮ್ಮಕ್ಕಳ ಮೇಲೆ ಚೂರಿ ಎತ್ತುತ್ತಾನೆ. ಆ ಚೂರಿಯ ದೃಶ್ಯ ಬೈಬಲಿನಲ್ಲೂ ಇಲ್ಲ, ಕುರ್‌ಆನಿನಲ್ಲೂ ಇಲ್ಲ. ಚಿತ್ರ ಬಿಡುಗಡೆಯಾಗುವ ಮುನ್ನವೇ ಅಮೆರಿಕದ ಕ್ರೈಸ್ತರಲ್ಲಿ ಅಸಮಾಧಾನ ಎದ್ದಿತ್ತು. ಕೊನೆಗೆ ನಿರ್ಮಾಣ ಸಂಸ್ಥೆ ಪ್ಯಾರಾಮೌಂಟ್, ಇದು ನೋಹನ ಕಥೆಯಿಂದ ಪ್ರೇರಿತವಾದದ್ದು, ಕಲೆಯ ಸ್ವಾತಂತ್ರ್ಯ ಬಳಸಿಕೊಳ್ಳಲಾಗಿದೆ, ಮೂಲ ಕಥೆ ಬೈಬಲಿನ ಆದಿಕಾಂಡದಲ್ಲಿದೆ ಎಂಬರ್ಥದ ಸೂಚನೆಯನ್ನು ಪ್ರಚಾರ ಸಾಮಗ್ರಿಯಲ್ಲಿ ಸೇರಿಸಬೇಕಾಯಿತು.

ಮುಸ್ಲಿಮ್ ನಾಡುಗಳಲ್ಲಿ ಆಕ್ಷೇಪ ಇನ್ನೊಂದು ಬಗೆಯದು. ಕಥೆ ಸರಿಯೋ ತಪ್ಪೋ ಎಂಬುದಕ್ಕಿಂತ ಮೊದಲು, ಪ್ರವಾದಿಯೊಬ್ಬರ ಪಾತ್ರವನ್ನು ನಟನೊಬ್ಬ ಮಾಡುವುದೇ ಸಲ್ಲದೆಂದು ಈಜಿಪ್ಟಿನ ಅಲ್ ಅಝ್‌ಹರ್ 2014ರ ಮಾರ್ಚ್‌ನಲ್ಲಿ ಹೇಳಿತು. ಕತಾರ್, ಬಹ್ರೈನ್, ಯು.ಎ.ಇ., ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಚಿತ್ರ ತೆರೆಕಾಣಲಿಲ್ಲ. ಇದನ್ನು ಹಟಮಾರಿತನವೆಂದು ನಗುವವರಿದ್ದಾರೆ. ಸ್ವಲ್ಪ ಯೋಚಿಸಿ. ನೋಹನಾಗಿ ನಟಿಸಿದ ರಸೆಲ್ ಕ್ರೋವ್ ಅದಕ್ಕೆ ಮುಂಚೆ ರೋಮ್‌ನ ಅಖಾಡದಲ್ಲಿ ಕತ್ತಿ ಬೀಸಿದ 'ಗ್ಲಾಡಿಯೇಟರ್'. ಅದೇ ವರ್ಷ 'ಎಕ್ಸೋಡಸ್: ಗಾಡ್ಸ್ ಆ್ಯಂಡ್ ಕಿಂಗ್ಸ್' ಚಿತ್ರದಲ್ಲಿ ಮೋಶೆಯಾದ ಕ್ರಿಶ್ಚಿಯನ್ ಬೇಲ್ ನಮ್ಮ ಹುಡುಗರಿಗೆ ಬ್ಯಾಟ್‌ಮ್ಯಾನ್ ಎಂದೇ ಪರಿಚಿತ. ಮುಂದೆ ಪ್ರವಾದಿಯ ಹೆಸರು ಕೇಳಿದಾಗ ಮಗುವಿನ ಕಣ್ಣಮುಂದೆ ಬರುವುದು ಯಾರ ಮುಖ? ಮುಸ್ತಫಾ ಅಕ್ಕಾದ್ 1976ರಲ್ಲಿ 'ದಿ ಮೆಸೇಜ್' ತೆಗೆದಾಗ ಪ್ರವಾದಿವರ್ಯರ(ಸ) ಮುಖವನ್ನಾಗಲಿ ಧ್ವನಿಯನ್ನಾಗಲಿ ತೋರಿಸದೆಯೇ ಇಡೀ ಕಥೆ ಹೇಳಿದ್ದರು. ಅಂದರೆ ಅದು ಅಸಾಧ್ಯವೇನಲ್ಲ.

ಆದರೆ ನಿಷೇಧಕ್ಕೆ ಈಗ ಎಷ್ಟು ಬಲವಿದೆ ಎಂಬುದು ಬೇರೆ ಮಾತು. ಚಿತ್ರಮಂದಿರಕ್ಕೆ ಬೀಗ ಹಾಕಬಹುದು, ಮನೆಯೊಳಗಿನ ಮೊಬೈಲಿಗೆ ಹಾಕುವವರು ಯಾರು? ನಮ್ಮ ಮದ್ರಸದಲ್ಲಿ ಒಮ್ಮೆ ನೂಹ್(ಅ)ರ ಬಗ್ಗೆ ಐದು ವಾಕ್ಯ ಬರೆಯಲು ಕೊಟ್ಟಿದ್ದೆ. ಒಬ್ಬಳು ಹುಡುಗಿ, ನಾವೆಯನ್ನು ಕಲ್ಲಿನ ರಾಕ್ಷಸರು ಕಟ್ಟಿದರೆಂದು ಬರೆದಿದ್ದಳು. ಎಲ್ಲಿ ಓದಿದೆ ಎಂದು ಕೇಳಿದರೆ, "ಓದಿದ್ದಲ್ಲ ಉಸ್ತಾದ್, ಅಣ್ಣನ ಮೊಬೈಲಿನಲ್ಲಿ ನೋಡಿದ್ದು" ಎಂದಳು. ಅವಳ ತಾಯಿ ಒಳ್ಳೆಯ ವಿದ್ಯಾವಂತೆ. ಮಗಳು ನೋಡುತ್ತಿರುವುದು ಧಾರ್ಮಿಕ ಚಿತ್ರ, ನೋಡಲಿ ಬಿಡಿ ಎಂದು ಆಕೆ ಸುಮ್ಮನಿದ್ದರಂತೆ. ಹಾಡು ಕುಣಿತದ ಚಿತ್ರವಾಗಿದ್ದರೆ ತಕ್ಷಣ ಕಸಿದುಕೊಳ್ಳುತ್ತಿದ್ದರೇನೋ! ಆದರೆ ಹಾಡು ಕುಣಿತದ ಚಿತ್ರವನ್ನು ಯಾವ ಮಗುವೂ ಪರೀಕ್ಷೆಯಲ್ಲಿ ಸತ್ಯವೆಂದು ಬರೆಯುವುದಿಲ್ಲ.

ಆ ಮಗುವಿಗೆ ಕಲ್ಲಿನ ರಾಕ್ಷಸರು ಸಿಕ್ಕಿದರು, ನಿಜ. ಕಳೆದುಹೋದದ್ದು ಏನು? ಬೈಬಲಿನಲ್ಲಿ ನೋಹನ ಹೆಂಡತಿ, ಮೂವರು ಗಂಡುಮಕ್ಕಳು, ಸೊಸೆಯಂದಿರು ಎಲ್ಲರೂ ನಾವೆ ಹತ್ತಿ ಪಾರಾಗುತ್ತಾರೆ. ಕುರ್‌ಆನಿನ ಸೂರಃ ಹೂದ್‌ನಲ್ಲಿ ತಂದೆಯೊಬ್ಬರು ಬೆಟ್ಟದಂತಹ ಅಲೆಗಳ ನಡುವೆ ಮಗನನ್ನು ಕೂಗಿ ಕರೆಯುತ್ತಾರೆ, ಅವನು ಬೆಟ್ಟ ಹತ್ತಿ ಉಳಿಯುತ್ತೇನೆಂದು ಹೇಳಿ ಮುಳುಗಿಹೋಗುತ್ತಾನೆ. ಸೂರಃ ತಹ್ರೀಮ್‌ನಲ್ಲಿ ನೂಹರ ಪತ್ನಿ ಕೂಡಾ ಸತ್ಯನಿಷೇಧಿಗಳ ಸಾಲಿನಲ್ಲಿದ್ದಾಳೆ. ಪ್ರವಾದಿಯ ಮನೆಯಲ್ಲಿದ್ದರೂ ರಕ್ಷೆಯಿಲ್ಲ ಎಂಬ ಈ ಭಾಗವೇ ನಮ್ಮ ಕಥೆಯ ಜೀವಾಳ. ಹಾಲಿವುಡ್ ಅದನ್ನು ತೋರಿಸಬೇಕೆಂದು ನಾವು ಕೇಳಲಾಗದು, ಅವರು ತೆಗೆದದ್ದು ಅವರ ಗ್ರಂಥದ ಕಥೆಯನ್ನು. ಆದರೆ ಅದನ್ನೇ ನಮ್ಮದೆಂದು ನಂಬಿದ ಮಗುವಿಗೆ ಆ ತಂದೆಯ ಕೂಗು ಕೇಳಿಸುವುದೇ ಇಲ್ಲ.

ಮೂಸಾ(ಅ)ರ ಕಥೆಯಷ್ಟು ಸಲ ತೆರೆಗೆ ಬಂದ ಪ್ರವಾದಿ ಕಥೆಗಳು ಕಡಿಮೆ. 1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್' ಮೂರೂವರೆ ಗಂಟೆಗೂ ಹೆಚ್ಚು ಉದ್ದದ ಚಿತ್ರ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಆರಂಭದಲ್ಲಿ ತಾವೇ ಪರದೆಯ ಮುಂದೆ ಬಂದು, ಮೋಶೆಯ ಬದುಕಿನ ಸುಮಾರು ಮೂವತ್ತು ವರ್ಷಗಳನ್ನು ಬೈಬಲ್ ಹೇಳದೆ ಬಿಟ್ಟಿದೆ, ಆ ಭಾಗವನ್ನು ಹಳೆಯ ಇತಿಹಾಸಕಾರರಿಂದ ತುಂಬಿಸಿದ್ದೇವೆ ಎಂದು ಹೇಳುತ್ತಾರೆ. ನನಗೆ ಈ ಪ್ರಾಮಾಣಿಕತೆ ಹಿಡಿಸಿತು. ಅಮೆರಿಕದಲ್ಲಿ 1973ರಿಂದ ಈಸ್ಟರ್ ಸಮಯಕ್ಕೆ ಟಿ.ವಿ.ಯಲ್ಲಿ ಇದನ್ನು ತೋರಿಸುವುದು ಒಂದು ರೂಢಿಯೇ ಆಗಿಬಿಟ್ಟಿದೆ. ಅಲ್ಲಿಯ ತಲೆಮಾರುಗಳಿಗೆ ಮೋಶೆಯೆಂದರೆ ಚಾರ್ಲ್‌ಟನ್ ಹೆಸ್ಟನ್‌ನ ಮುಖ. ಚಿನ್ನದ ಕರುವಿನ ದೃಶ್ಯದಲ್ಲಿ, ಬೈಬಲಿನಲ್ಲಿರುವಂತೆಯೇ, ಕರುವನ್ನು ಮಾಡುವ ಕೈ ಆರೋನನದು, ಅಂದರೆ ನಮ್ಮ ಹಾರೂನ್(ಅ)ರದು. ಕುರ್‌ಆನಿನ ಸೂರಃ ತಾಹಾದಲ್ಲಿ ಅದು ಸಾಮಿರಿಯ ಕೆಲಸ, ಹಾರೂನ್ ಜನರನ್ನು ತಡೆದವರು. ಮುಸ್ಲಿಮ್ ಪ್ರೇಕ್ಷಕರಿಗೆ ಈ ದೃಶ್ಯ ಚುಚ್ಚುವುದು ಸಹಜ.

1998ರ ಅನಿಮೇಶನ್ ಚಿತ್ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಬಗ್ಗೆ ಮಾತ್ರ ಬಹಳ ಕಡೆ ಒಳ್ಳೆಯ ಮಾತು ಕೇಳಿದ್ದೇನೆ. ಅದನ್ನು ತಯಾರಿಸುವಾಗ ಯಹೂದಿ, ಕ್ರೈಸ್ತ, ಮುಸ್ಲಿಮ್ ವಿದ್ವಾಂಸರನ್ನು ಕೇಳಿಕೊಂಡಿದ್ದರು. ಹಾಗಿದ್ದೂ ಮಲೇಷ್ಯಾ, ಮಾಲ್ದೀವ್ಸ್‌ಗಳಲ್ಲಿ ಅದನ್ನು ತಡೆಯಲಾಯಿತು. ಇದರಲ್ಲೊಂದು ಸ್ವಾರಸ್ಯವಿದೆ. ಬೈಬಲಿನಲ್ಲಿ ನದಿಯಲ್ಲಿ ತೇಲಿಬಂದ ಮಗುವನ್ನು ಎತ್ತಿಕೊಂಡವಳು ಫರೋಹನ ಮಗಳು. ಈ ಚಿತ್ರದಲ್ಲಿ ಎತ್ತಿಕೊಳ್ಳುವವಳು ರಾಣಿ, ಅಂದರೆ ಫರೋಹನ ಪತ್ನಿ. ಕುರ್‌ಆನಿನ ಸೂರಃ ಕಸಸ್‌ನಲ್ಲೂ, ಇವನನ್ನು ಕೊಲ್ಲಬೇಡಿ, ನಮ್ಮ ಮಗನಾಗಿ ಇಟ್ಟುಕೊಳ್ಳೋಣ ಎಂದು ಕೇಳಿಕೊಳ್ಳುವವರು ಫಿರ್‌ಔನನ ಪತ್ನಿಯೇ. ನಾವು ಆಸಿಯಾ ಎಂದು ಗೌರವದಿಂದ ಹೆಸರಿಸುವ ಆ ಮಹಿಳೆ. ಇಬ್ಬರು ಹುಡುಗರು ಅಣ್ಣತಮ್ಮಂದಿರಾಗಿ ಬೆಳೆಯಬೇಕೆಂಬ ಚಿತ್ರಕಥೆಯ ಅನುಕೂಲಕ್ಕಾಗಿಯೇ ಈ ಬದಲಾವಣೆ ಆಗಿರಬಹುದು, ಆದರೆ ನಮ್ಮ ಹೆಂಗಸರು ಆ ದೃಶ್ಯ ನೋಡಿ "ಇದು ನಮ್ಮದೇ ಕಥೆ" ಎನ್ನುತ್ತಾರೆ!

'ಎಕ್ಸೋಡಸ್' ಮಾತ್ರ ಎಲ್ಲರಿಂದಲೂ ಬೈಸಿಕೊಂಡಿತು. ಈಜಿಪ್ಟಿನವರ ಪಾತ್ರಗಳಿಗೆ ಬಿಳಿಯರನ್ನೇ ಹಾಕಿದ್ದಾರೆಂದು ಒಂದು ಗುಂಪು ಬಹಿಷ್ಕಾರಕ್ಕೆ ಕರೆಕೊಟ್ಟಿತು. ಇತಿಹಾಸದ ತಪ್ಪುಗಳಿವೆಯೆಂದು ಈಜಿಪ್ಟ್ 2014ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ಮೋಶೆಯೊಡನೆ ಮಾತಾಡುವ ದೈವವಾಣಿಯನ್ನು ಚಿತ್ರದಲ್ಲಿ ಒಬ್ಬ ಪುಟ್ಟ ಹುಡುಗನ ರೂಪದಲ್ಲಿ ತೋರಿಸಿದ್ದಾರೆ. ಇದು ಮುಸ್ಲಿಮರಿಗೆ ಹೇಗೂ ಒಪ್ಪಿಗೆಯಾಗದು, ಬಹಳಷ್ಟು ಕ್ರೈಸ್ತರಿಗೂ ಇರಿಸುಮುರಿಸಾಯಿತು. ಮೊರೊಕ್ಕೊದಲ್ಲಿ ಆ ಭಾಗಕ್ಕೆ ಕತ್ತರಿ ಹಾಕಿದ ಮೇಲೆಯೇ 2015ರಲ್ಲಿ ಪ್ರದರ್ಶನಕ್ಕೆ ಅನುಮತಿ ಸಿಕ್ಕಿದ್ದು.

ಇನ್ನು 'ಪ್ಯಾಶನ್' ಚಿತ್ರ. ಈಸಾ(ಅ)ರನ್ನು ಶಿಲುಬೆಗೇರಿಸಲಾಗಿಲ್ಲ ಎಂಬುದು ಸೂರಃ ನಿಸಾದ ಸ್ಪಷ್ಟ ಮಾತು. ಚಿತ್ರವಾದರೋ ಆ ಕೊನೆಯ ಹನ್ನೆರಡು ಗಂಟೆಗಳ ಹಿಂಸೆಯದ್ದೇ. ಆದರೂ 2004ರಲ್ಲಿ ಈಜಿಪ್ಟ್, ಜೋರ್ಡಾನ್, ಲೆಬನಾನ್, ಕತಾರ್ ಮುಂತಾದೆಡೆ ಅದು ಪ್ರದರ್ಶನಗೊಂಡಿತು, ಜನ ಸಾಲುಗಟ್ಟಿ ನೋಡಿದರು. ಪ್ರವಾದಿಗಳ ಚಿತ್ರಣದ ವಿಚಾರದಲ್ಲಿ ಇತರೆಡೆ ಅಷ್ಟು ಬಿಗಿಯಾಗಿದ್ದವರು ಇಲ್ಲೇಕೆ ಸಡಿಲಾದರು? ಇದರಿಂದ ಯಹೂದಿಗಳ ಮೇಲೆ ದ್ವೇಷ ಹೆಚ್ಚೀತೆಂದು ಅಮೆರಿಕದ ಯಹೂದಿ ಸಂಘಟನೆಗಳು ಆತಂಕಪಟ್ಟ ಸುದ್ದಿ ಆಗ ಎಲ್ಲೆಡೆ ಹರಡಿತ್ತು. ಕೆಲವು ಕಡೆ ಆ ಸುದ್ದಿಯೇ ಚಿತ್ರಕ್ಕೆ ಪ್ರಚಾರವಾಯಿತೆಂದು ನನ್ನ ಅನಿಸಿಕೆ. ಇನ್ನೊಬ್ಬರಿಗೆ ನೋವಾಗುತ್ತದೆಂಬ ಕಾರಣಕ್ಕೆ ನಮ್ಮ ನಿಯಮ ಸಡಿಲವಾಗುವುದಾದರೆ ಅದು ನಿಯಮವೇ ಅಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಉರ್ದು ಬಲ್ಲ ನಮ್ಮ ಮಹಿಳೆಯರಲ್ಲಿ ಹಾಲಿವುಡ್‌ಗಿಂತ ಹೆಚ್ಚು ಮಾತಾದದ್ದು ಇರಾನಿನ ಧಾರಾವಾಹಿ 'ಯೂಸುಫ್'. ಫರಜುಲ್ಲಾ ಸಲಹ್‌ಶೂರ್ ನಿರ್ದೇಶನದ ಇದು 2008ರಲ್ಲಿ ಅಲ್ಲಿಯ ಟಿ.ವಿ.ಯಲ್ಲಿ ಆರಂಭವಾಯಿತು, 45 ಕಂತುಗಳು. ಉರ್ದುವಿಗೆ ಡಬ್ ಆದ ಮೇಲೆ ಇಲ್ಲಿಯೂ ಕೈಯಿಂದ ಕೈಗೆ ಹರಡಿತು. ಯೂಸುಫ್(ಅ)ರ ಮುಖವನ್ನೇ ಅದರಲ್ಲಿ ತೋರಿಸಲಾಗಿದೆ. ಹಾಲಿವುಡ್ ತೋರಿಸಿದಾಗ ತಪ್ಪೆಂದ ಕೆಲವು ಬಾಯಿಗಳು ಇಲ್ಲಿ ಮೌನವಾಗಿದ್ದವು. ನೋಡಿದ ಹಲವು ಸಹೋದರಿಯರನ್ನು ನಾನು ಮಾತಾಡಿಸಿದ್ದೇನೆ. ಹೆಚ್ಚಿನವರಿಗೆ ನೆನಪಿರುವುದು ಝುಲೈಖಾ. ಮುದುಕಿಯಾಗಿ, ಕಣ್ಣು ಕಾಣದೆ ಕುಳಿತ ಆಕೆ ಯೂಸುಫರ ಪ್ರಾರ್ಥನೆಯಿಂದ ಮತ್ತೆ ಯೌವನ ಪಡೆದು ಅವರನ್ನೇ ಮದುವೆಯಾಗುವ ಭಾಗಕ್ಕೆ ಕಣ್ಣೀರು ಸುರಿಸಿದವರಿದ್ದಾರೆ. ಇದು ಕುರ್‌ಆನಿನಲ್ಲಿ ಎಲ್ಲಿದೆ ಎಂದು ಕೇಳಿದರೆ ಹುಡುಕುತ್ತಾರೆ. ಅಲ್ಲಿಲ್ಲ. ಸೂರಃ ಯೂಸುಫ್‌ನಲ್ಲಿ ಆಕೆಯ ಹೆಸರು ಕೂಡಾ ಇಲ್ಲ, ಬೈಬಲಿನಲ್ಲೂ ಇಲ್ಲ. ಈ ಪ್ರೇಮಕಥೆ ಬೆಳೆದದ್ದು ಹಳೆಯ ದಂತಕಥೆಗಳಲ್ಲಿ ಮತ್ತು ಪರ್ಶಿಯನ್ ಕಾವ್ಯಗಳಲ್ಲಿ, ಜಾಮಿಯಂತಹ ಕವಿಗಳ ಕೈಯಲ್ಲಿ. ಕುರ್‌ಆನಿನಲ್ಲಿರುವುದು ಇನ್ನೂ ಬಲವಾದದ್ದು. ಹಿಂದಿನಿಂದ ಹರಿದ ಅಂಗಿಯೊಂದು ಸಾಕ್ಷಿಯಾಗುತ್ತದೆ, ಕೊನೆಗೆ ಆಕೆ ತಾನೇ ಮುಂದೆ ಬಂದು ಸತ್ಯವನ್ನು ಒಪ್ಪಿಕೊಳ್ಳುತ್ತಾಳೆ. ಧಾರಾವಾಹಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಕ್ಷಾಮದ ಕಾಲದ ಆಡಳಿತವನ್ನು ಅದು ಚೆನ್ನಾಗಿ ತೋರಿಸಿದೆ. ಆದರೆ ಇರಾನಿನದು ಎಂಬ ಮಾತ್ರಕ್ಕೆ ತಫ್ಸೀರ್ ಆಗುವುದಿಲ್ಲ.

ಇರಾನಿನದೇ ಇನ್ನೊಂದು ಚಿತ್ರ 2007ರ 'ಮಸೀಹ್', ನಾದಿರ್ ತಾಲಿಬ್‌ಝಾದೆಯವರದು. ಅದಕ್ಕೆ ಎರಡು ಅಂತ್ಯಗಳು. ಒಂದು ಕ್ರೈಸ್ತರ ನಂಬಿಕೆಯಂತೆ, ಇನ್ನೊಂದರಲ್ಲಿ ಈಸಾರನ್ನು ಮೇಲಕ್ಕೆತ್ತಿಕೊಳ್ಳಲಾಗುತ್ತದೆ, ಶಿಲುಬೆಗೇರುವವನು ದ್ರೋಹ ಬಗೆದ ಯೂದ. 2010ರ ಆಗಸ್ಟ್‌ನಲ್ಲಿ, ರಮಝಾನ್ ತಿಂಗಳಲ್ಲಿ, ಲೆಬನಾನಿನ ಎರಡು ಟಿ.ವಿ. ವಾಹಿನಿಗಳು ಇದರ ಧಾರಾವಾಹಿ ರೂಪವನ್ನು ಪ್ರಸಾರ ಮಾಡತೊಡಗಿದಾಗ ಅಲ್ಲಿಯ ಕ್ರೈಸ್ತ ಧರ್ಮಗುರುಗಳು ಪ್ರತಿಭಟಿಸಿದರು. ಮುಸ್ಲಿಮರ ವಾಹಿನಿಗಳೇ ಆಗಿದ್ದರೂ, ಎರಡೂ ಪ್ರಸಾರವನ್ನು ನಿಲ್ಲಿಸಿದವು. 'ನೋವಾ' ಬಗ್ಗೆ ನಮ್ಮಲ್ಲಿ ಕೋಪದಿಂದ ಮಾತಾಡುವವರು ಈ ಘಟನೆಯನ್ನೂ ತಿಳಿದಿರಬೇಕು. ನಮಗೆ ನೂಹ್ ಎಷ್ಟು ಪ್ರಿಯರೋ ಅವರಿಗೆ ಅವರ ಈ ಕಥೆ ಅದಕ್ಕಿಂತಲೂ ಸೂಕ್ಷ್ಮ.

ಈಗ ನಾನು ಮದ್ರಸದ ದೊಡ್ಡ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಮೊದಲು ಸೂರಃದ ಅರ್ಥ ಓದಿ ಮುಗಿಸಬೇಕು. ಆ ಬಳಿಕ, ಚಿತ್ರ ನೋಡಿದವರು ಯಾರಾದರೂ ಇದ್ದರೆ, ಅದರಲ್ಲಿ ಹೆಚ್ಚಾದದ್ದು ಯಾವುದು, ಬಿಟ್ಟುಹೋದದ್ದು ಯಾವುದು ಎಂದು ಹೇಳಬೇಕು. ಮಕ್ಕಳು ಇದರಲ್ಲಿ ನಮಗಿಂತ ಚುರುಕು. ಕಳೆದ ಸಲ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು: ಪೆಟ್ಟಿಗೆಯ ಹಿಂದೆ ನದಿದಂಡೆಯಲ್ಲಿ ನಡೆದು ಬಂದ ಮೂಸಾರ ಅಕ್ಕ, ಸಮುದ್ರ ಸೀಳಿದ ದಿನ ಎಲ್ಲಿದ್ದಳು? ಕಾರ್ಟೂನಿನಲ್ಲಿ ಅವಳು ಹಾಡುತ್ತಾಳಲ್ಲಾ, ಅದು ನಿಜವೇ? ಕುರ್‌ಆನಿನಲ್ಲಿ ಆ ಅಕ್ಕನ ಮಾತು ಬರುವುದು ಮೂಸಾರ ಶೈಶವದ ಭಾಗದಲ್ಲಿ ಮಾತ್ರ. ನಾನು ಕಲಿಸುವ ಶಾಲೆಯ ಕ್ರೈಸ್ತ ಶಿಕ್ಷಕಿಯೊಬ್ಬರನ್ನು ಕೇಳಿದೆ. ಅವರು ಮರುದಿನ ತಮ್ಮ ಕನ್ನಡ ಬೈಬಲನ್ನೇ ತಂದು ವಿಮೋಚನಕಾಂಡದ 15ನೇ ಅಧ್ಯಾಯ ತೆರೆದು ತೋರಿಸಿದರು. ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹಾಡುತ್ತಾಳೆ, ಹೆಂಗಸರೆಲ್ಲ ಅವಳ ಹಿಂದೆ ಹೊರಡುತ್ತಾರೆ. ಹುಡುಗಿಗೆ ಹಾಗೆಯೇ ಹೇಳಿದೆ, ಇದು ಅವರ ಗ್ರಂಥದಲ್ಲಿದೆ, ನಮ್ಮದರಲ್ಲಿ ಇಲ್ಲ ಎಂದು. ಅವಳು ಅದನ್ನು ಪುಸ್ತಕದಲ್ಲಿ ಎರಡು ಕಾಲಂ ಮಾಡಿ ಬರೆದುಕೊಂಡಳು.