ಮೋಟಾರು ನಿಂತಾಗ ಮೋಟಾರನ್ನೇ ದೂರಬೇಡಿ

ಗಣಕದಲ್ಲಿ ಬರೆದ ಚಿತ್ರವನ್ನು ಮರದ ಮೇಲೆ ಕೊರೆದುಕೊಡುವ ಸಣ್ಣ ಕೆತ್ತನೆಯ ಯಂತ್ರವನ್ನು ಹವ್ಯಾಸಕ್ಕೆಂದು ಮನೆಯಲ್ಲಿ ಇರಿಸಿಕೊಂಡವರು ಈಚೆಗೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿಯೂ ಇದ್ದಾರೆ. ಅದರ ಕೊರೆಯುವ ಮೋಟಾರು ಕೆಲಸದ ನಡುವೆ ಗಕ್ಕನೆ ನಿಂತರೆ ಏನು ಮಾಡಬೇಕೆಂಬುದನ್ನು ನಾವು ಕೈಸುಟ್ಟುಕೊಂಡೇ ಕಲಿತೆವು. ವಾಚಕರಿಗೆ ಆ ನಷ್ಟ ಬಾರದಿರಲೆಂದು ಈ ಬರಹ.

ನಮ್ಮೂರ ವಾಚನಾಲಯದ ಮರದ ನಾಮಫಲಕವನ್ನು ಗೆದ್ದಲು ತಿಂದಿತ್ತು. ಅದನ್ನು ಹಿಂದೆ ಕೆತ್ತಿದ್ದ ಆಚಾರಿಯವರಿಗೆ ಈಗ ವಯಸ್ಸಾಗಿ ಕೈ ನಡುಗುತ್ತದೆ. ಯಂತ್ರವಿದೆಯೆಂಬ ಧೈರ್ಯದಿಂದ ಹೊಸ ಫಲಕದ ಹೊಣೆಯನ್ನು ನಾವು ವಹಿಸಿಕೊಂಡೆವು. ಮಳೆಗಾಲದಲ್ಲಿ ಉರುಳಿದ ಹಲಸಿನ ಮರದಿಂದ ದೊರೆತುದು ತಕ್ಕ ಅಳತೆಯ ಒಂದೇ ಹಲಗೆ. ಮೊದಲನೆಯ ಅಕ್ಷರದ ತಿರುವಿನಲ್ಲಿಯೇ ಮೋಟಾರು ನರಳಿ ನಿಂತಿತು. ಮೋಟಾರು ನಿಂತುದು ಇಂಥ ಯಂತ್ರಕ್ಕೆ ತಿಳಿಯುವುದಿಲ್ಲ. ಅದು ಮುಂದಕ್ಕೆ ಸರಿಯುತ್ತಲೇ ಹೋಗಿ ಮೊನೆ ಮುರಿಯಿತು, ಹಲಗೆಗೆ ಗಾಯವಾಯಿತು. ಮೋಟಾರೇ ಸತ್ತಿತೆಂದು ತೀರ್ಮಾನಿಸಿ ಹೊಸದನ್ನು ತರಿಸಿದೆವು. ಗುಜರಿ ಮರದ ಮೇಲೆ ಪರೀಕ್ಷಿಸಿದಾಗ ಅದೂ ಹಾಗೆಯೇ ನಿಂತಿತು!

ಹಲಗೆಯನ್ನು ಆಚಾರಿಯವರ ಮಗ ಕೀಸುಳಿ ಹಾಕಿ ಸರಿಪಡಿಸಿಕೊಟ್ಟನು. ಇನ್ನೊಮ್ಮೆ ಕೀಸುವಷ್ಟು ದಪ್ಪ ಅದರಲ್ಲಿ ಉಳಿದಿರಲಿಲ್ಲ. ನಮ್ಮ ಯಂತ್ರವನ್ನು ನೋಡಲು ಬಂದ ಆಚಾರಿಯವರು ಮೊನೆಯನ್ನು ಉಗುರಿನ ಮೇಲೆ ಒತ್ತಿ ನೋಡಿ, "ಮಾಸ್ಟ್ರೇ, ಉಳಿ ಮಸೆಯದೆ ಕೊಡತಿ ಬದಲಾಯಿಸಿದರೆ ಏನು ಬಂತು?" ಎಂದರು. ಅಂದಿನಿಂದ ನಾವು ಕ್ರಮವಾಗಿ ಹುಡುಕತೊಡಗಿದೆವು.

ಮೋಟಾರು ನಿಲ್ಲುವುದಕ್ಕೆ ಮುಖ್ಯ ಕಾರಣಗಳು ಎರಡು: ಹೊರೆ ಹೆಚ್ಚಾಗಿರಬೇಕು, ಇಲ್ಲವೆ ಆಹಾರ ಕಡಿಮೆಯಾಗಿರಬೇಕು.

ಹೊರೆಯ ಮಾತನ್ನು ಮೊದಲು ನೋಡೋಣ. ನಿಮಿಷಕ್ಕೆ 9000 ಸುತ್ತು ತಿರುಗುವ, ಎರಡು ಅಲಗುಗಳುಳ್ಳ ಮೊನೆಯು ನಿಮಿಷಕ್ಕೆ 18000 ಬಾರಿ ಮರವನ್ನು ಕಡಿಯುತ್ತದೆ. ಯಂತ್ರವು ನಿಮಿಷಕ್ಕೆ 900 ಮಿಲಿಮೀಟರ್ ಸರಿದರೆ ಪ್ರತಿ ಕಡಿತಕ್ಕೆ 0.05 ಮಿಲಿಮೀಟರ್ ಮರ ಬರುತ್ತದೆ. ಮೋಟಾರು ದಣಿದು ಅದರ ವೇಗ ಅರ್ಧಕ್ಕಿಳಿದರೆ ಅದೇ ಕಡಿತ 0.1 ಮಿಲಿಮೀಟರ್ ಆಗುತ್ತದೆ. ಹೀಗೆ ದಣಿದವನ ತಲೆಯ ಮೇಲೆ ಹೊರೆ ಏರುತ್ತಲೇ ಹೋಗಿ ಕಡೆಗೆ ಅವನು ಕುಸಿಯುತ್ತಾನೆ. ಮೊನೆ ಮೊಂಡಾಗಿದ್ದರಂತೂ ಹೇಳಬೇಕಾದುದಿಲ್ಲ. ನಾವು ಹೊಸ ಮೊನೆ ತೊಡಿಸಿ, ಒಂದು ಸಲಕ್ಕೆ 2 ಮಿಲಿಮೀಟರ್ ಇಳಿಯುತ್ತಿದ್ದುದನ್ನು ಅರ್ಧ ಮಿಲಿಮೀಟರಿಗೆ ತಂದು, ಸರಿಯುವ ವೇಗವನ್ನೂ ತಗ್ಗಿಸಿದೆವು. ಆದರೆ ತೀರ ತಗ್ಗಿಸಲೂ ಬಾರದು. ಆಗ ಮೊನೆ ಕಡಿಯುವ ಬದಲು ಉಜ್ಜಿ ಮರ ಕಪ್ಪಾಗುತ್ತದೆ.

ಗುಜರಿ ಮರದಲ್ಲಿ ಅರ್ಧ ಗಂಟೆ ಕೆಲಸ ಸೊಗಸಾಗಿ ಸಾಗಿತು. ಆಮೇಲೆ ಮೋಟಾರು ಮತ್ತೆ ನಿಂತಿತು. ಇನ್ನು ಆಹಾರದ ವಿಚಾರ. ನಮ್ಮ ಮೋಟಾರು 24 ವೋಲ್ಟಿನದು. ಸುಮ್ಮನೆ ತಿರುಗುತ್ತಿದ್ದಾಗ ಮಲ್ಟಿಮೀಟರಿನಿಂದ ಅಳೆದರೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ನಾವು ಮೋಸಹೋದುದು ಅಲ್ಲಿಯೇ. ಕೊರೆಯುತ್ತಿರುವಾಗ ಅಳೆದೆವು: ವಿದ್ಯುತ್ ಪೂರೈಸುವ ಪೆಟ್ಟಿಗೆಯ ಬಳಿ 24, ಮೋಟಾರಿನ ತುದಿಯಲ್ಲಿ 19! ನಡುವಣ 5 ವೋಲ್ಟನ್ನು ತಿಂದವರಾರು? ತಂತಿಯ ಒಂದು ತಿರುಪು ಸಡಿಲವಾಗಿ, ಅದರ ಸುತ್ತಣ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಇದರ ಲೆಕ್ಕ ಸರಳವಾದುದು. ಸಡಿಲವಾದ ಕೂಡಿಕೆಯ ತಡೆ 1 ಓಮ್ ಎಂದಿಟ್ಟುಕೊಳ್ಳೋಣ. ಬರಿದೆ ತಿರುಗುವಾಗ ಅರ್ಧ ಆಂಪಿಯರ್ ಹರಿದರೆ ನಷ್ಟ ಅರ್ಧ ವೋಲ್ಟ್ ಮಾತ್ರ. ಮರ ಕಡಿಯುವಾಗ 5 ಆಂಪಿಯರ್ ಹರಿದರೆ ನಷ್ಟ 5 ವೋಲ್ಟ್. ಅಲ್ಲಿ ಹುಟ್ಟುವ ಉಷ್ಣ 25 ವಾಟ್, ಬೆಸುಗೆ ಹಾಕುವ ಸಣ್ಣ ಕಾವುಗೋಲಿನಷ್ಟು! ತಂತಿಯ ತುದಿಯನ್ನು ಕತ್ತರಿಸಿ, ಹೊಸ ಕೂಡಿಕೆ ಹಾಕಿ ಬಿಗಿದೆವು. ದೋಷ ಹೋಯಿತು.

ಇನ್ನೊಂದು ಎಚ್ಚರಿಕೆ. ಇಂಥ ಹಲವು ಯಂತ್ರಗಳನ್ನು ನಡೆಸುವುದು ಗರ್ಬಲ್ ಎಂಬ ತಂತ್ರಾಂಶ. ಅದರಲ್ಲಿ ಗರಿಷ್ಠ ವೇಗ 10000 ಎಂದಿದ್ದು, ಕೆತ್ತನೆಯ ಕಡತವು 1000 ಎಂದು ಆಜ್ಞಾಪಿಸಿದರೆ, ಮೋಟಾರಿಗೆ ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ಸಲ್ಲುತ್ತದೆ. ಎರಡು ಸಂಖ್ಯೆಗಳೂ ಹೊಂದಿಕೆಯಾಗಿವೆಯೇ ಎಂದು ನೋಡಿಕೊಳ್ಳಬೇಕು.

ಹಾಗಾದರೆ ಮೋಟಾರು ಎಂದೂ ತಪ್ಪಿತಸ್ಥನಲ್ಲವೆ? ಪೂರ್ಣ ವೋಲ್ಟ್ ದೊರೆತೂ ಗಾಳಿಯಲ್ಲಿಯೇ ನಿಧಾನವಾಗಿ ತಿರುಗಿದರೆ, ಒಳಗೆ ಕಿಡಿ ಹೆಚ್ಚಾದರೆ, ವಿದ್ಯುತ್ ತೆಗೆದು ಕೈಯಿಂದ ತಿರುಗಿಸಿದಾಗ ಬಿಗಿಯೆನಿಸಿದರೆ, ಒಳಗಿನ ಇಂಗಾಲದ ಬ್ರಷ್ ಅಥವಾ ಬೇರಿಂಗು ಸವೆದಿರಬಹುದು. ಹೊಸ ಮೋಟಾರಿಗೆ ಹಣ ತೆರಬೇಕಾದುದು ಆಗ ಮಾತ್ರ. ನಿಂತ ಮೋಟಾರಿಗೆ ವಿದ್ಯುತ್ ಹರಿಯುತ್ತಲೇ ಇದ್ದರೆ ಸುರುಳಿ ಸುಟ್ಟುಹೋಗುವುದರಿಂದ ಕೂಡಲೆ ಗುಂಡಿಯೊತ್ತಿ ಆರಿಸಬೇಕು. ಮೊನೆ ಮುಟ್ಟುವ ಮೊದಲು ವಿದ್ಯುತ್ ತೆಗೆಯಬೇಕು, ಅಳೆಯುವ ತಂತಿಗಳನ್ನು ಯಂತ್ರ ಹೊರಡುವ ಮೊದಲೇ ಸಿಕ್ಕಿಸಿರಬೇಕು, ಕಣ್ಣಿಗೆ ಕನ್ನಡಕವಿರಬೇಕು.

ಎರಡು ದಿನ ಗುಜರಿ ಮರದಲ್ಲಿ ಪರೀಕ್ಷಿಸಿದ ಬಳಿಕವೇ ಹಲಸಿನ ಹಲಗೆಯನ್ನು ಯಂತ್ರಕ್ಕೇರಿಸಿದೆವು. ಕನ್ನಡದ ದುಂಡಕ್ಷರಗಳು ಒಂದೊಂದಾಗಿ ಮೂಡಿದುವು. ಆಚಾರಿಯವರು ಅಕ್ಷರಗಳ ಮೇಲೆ ಬೆರಳಾಡಿಸಿ, "ಒತ್ತಕ್ಷರದ ಮೂಲೆಗೆ ಉಳಿಯೇ ಬೇಕು" ಎಂದು ಮಗನಿಗೆ ತೋರಿಸಿಕೊಟ್ಟರು. ಆ ಫಲಕ ಈಗ ವಾಚನಾಲಯದ ಬಾಗಿಲ ಮೇಲಿದೆ. ಅನಾವಶ್ಯಕವಾಗಿ ಕೊಂಡ ಮೋಟಾರು ನಮ್ಮ ಕಪಾಟಿನಲ್ಲಿದೆ.