ಹೆಸರು ಒಂದೆಡೆ, ಮನೆ ಇನ್ನೊಂದೆಡೆ

1999ನೆಯ ಇಸವಿಯ ಕ್ರಿಸ್‌ಮಸ್ ಸಮಯದಲ್ಲಿ ಹಾಟ್‌ಮೇಲ್ ಬಳಸುತ್ತಿದ್ದ ಅನೇಕರಿಗೆ ತಮ್ಮ ಪತ್ರಗಳನ್ನು ತೆರೆಯಲಾಗದೆ ಹೋಯಿತು. ಯಂತ್ರಗಳು ಕೆಟ್ಟಿರಲಿಲ್ಲ; ತಂತಿಗಳು ತುಂಡಾಗಿರಲಿಲ್ಲ. ಹಾಟ್‌ಮೇಲಿನ ಒಡೆತನ ಹೊಂದಿದ್ದ ಮೈಕ್ರೋಸಾಫ್ಟ್ ಸಂಸ್ಥೆಯು 'ಪಾಸ್‌ಪೋರ್ಟ್ ಡಾಟ್ ಕಾಮ್' ಎಂಬ ಹೆಸರಿನ ನವೀಕರಣ ಶುಲ್ಕ ಕಟ್ಟುವುದನ್ನು ಮರೆತಿದ್ದಿತು, ಅಷ್ಟೆ! ಅಮೆರಿಕೆಯ ಪ್ರೋಗ್ರಾಮರೊಬ್ಬರು ಕಾರಣವನ್ನು ಪತ್ತೆಹಚ್ಚಿ, ತಮ್ಮ ಕೈಯಿಂದಲೇ 35 ಡಾಲರ್ ತೆತ್ತರು. ಆಮೇಲೆ ವ್ಯವಹಾರ ಸರಿಹೋಯಿತು.

ಯಂತ್ರಗಳೆಲ್ಲ ನೆಟ್ಟಗಿದ್ದೂ ಅವು ಇಲ್ಲದಂತಾದುದು ಹೇಗೆ? ಹೆಸರು ಬೇರೆ, ಅದರಿಂದ ಕರೆಯಲ್ಪಡುವ ಯಂತ್ರ ಬೇರೆ ಎಂಬುದನ್ನು ಮನಗಂಡರೆ ಈ ಒಗಟು ಬಿಡುತ್ತದೆ.

ಅಂತರ್ಜಾಲದಲ್ಲಿ ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಹಳೆಯ ಪದ್ಧತಿಯ ವಿಳಾಸದಲ್ಲಿ 32 ದ್ವಿಮಾನ ಅಂಕಗಳಿರುವುದರಿಂದ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಸಾಧ್ಯ. ಅದೂ ಸಾಲದೆ 128 ಅಂಕಗಳ ಹೊಸ ಪದ್ಧತಿ ಬಂದಿದೆ. ಇಂಥ ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯಮಾತ್ರರಿಗೆ ಆಗುವ ಕೆಲಸವಲ್ಲ. ಅಂತರ್ಜಾಲದ ಪೂರ್ವರೂಪವಾದ ಆರ್ಪಾನೆಟ್ಟಿನಲ್ಲಿ ಯಂತ್ರಗಳ ಹೆಸರು, ಸಂಖ್ಯೆ ಎಲ್ಲವೂ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯದ ಎಸ್. ಆರ್. ಐ. ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡವು ಅದನ್ನು ತಿದ್ದುತ್ತಿದ್ದಿತು. ಉಳಿದವರು ಪ್ರತಿಗಳನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆಲ್ಲ ಪಟ್ಟಿ ಉದ್ದವಾಯಿತು, ಕೈಸೇರುವ ಹೊತ್ತಿಗೆ ಹಳತೂ ಆಗತೊಡಗಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಇದಕ್ಕೆ ಪರಿಹಾರ ಸೂಚಿಸಿದರು: ಪಟ್ಟಿಯನ್ನು ಒಬ್ಬರ ಬಳಿ ಇಡದೆ ಹಂಚಿಬಿಡುವುದು. ಇದೇ ಡೊಮೇನ್ ಹೆಸರುಗಳ ವ್ಯವಸ್ಥೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರನ್ನೇ ನೋಡೋಣ: 'ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್'. ಅಂಚೆಯನ್ನು ವಿಂಗಡಿಸುವವರು ಲಕೋಟೆಯ ಕೊನೆಯ ಸಾಲನ್ನು ಮೊದಲು ಓದುವಂತೆ, ಇದನ್ನೂ ಬಲದಿಂದ ಎಡಕ್ಕೆ ಓದಬೇಕು. 'ಇನ್' ಎಂದರೆ ಭಾರತ. 'ಎಸಿ' ಎಂದರೆ ವಿದ್ಯಾಸಂಸ್ಥೆ. ನಮ್ಮ ಪರವಾಗಿ ವಿಚಾರಿಸುವ ಯಂತ್ರವು ಮೊದಲು ಮೂಲ ಸರ್ವರೊಂದನ್ನು ಕೇಳುತ್ತದೆ. ಆ ಸರ್ವರಿಗೆ ಸಂಸ್ಥೆಯ ವಿಳಾಸ ತಿಳಿಯದು. 'ಇನ್' ಪಟ್ಟಿ ಯಾರ ಬಳಿ ಇದೆಯೆಂದು ಮಾತ್ರ ಹೇಳಬಲ್ಲದು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಸಂಖ್ಯೆ ಸಿಗುತ್ತದೆ. ಸಾಮಾನ್ಯವಾಗಿ ಇದೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಿಕ್ಕ ಉತ್ತರವನ್ನು ಆ ಯಂತ್ರವು ನಿಯತಕಾಲದವರೆಗೆ ನೆನಪಿಟ್ಟುಕೊಂಡು, ಮರುಪ್ರಶ್ನೆಯ ಶ್ರಮವನ್ನು ಉಳಿಸುತ್ತದೆ.

ಸಂಖ್ಯೆ ಸಿಕ್ಕಿತು, ಅಲ್ಲಿ ಯಂತ್ರವೊಂದು ಹಗಲಿರುಳೂ ಎಚ್ಚರವಾಗಿರಬೇಕಲ್ಲವೆ? ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರಪಂಚದ ಮೊದಲ ಜಾಲತಾಣವನ್ನು ತಮ್ಮ ಮೇಜಿನ ಗಣಕಯಂತ್ರದಲ್ಲಿಯೇ ಇರಿಸಿದ್ದರು. ಯಾರಾದರೂ ಆರಿಸಿಬಿಟ್ಟಾರೆಂದು, ಅದನ್ನು ಆರಿಸಕೂಡದೆಂಬ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ಈ ಕಾವಲನ್ನು ಬಾಡಿಗೆಗೆ ವಹಿಸಿಕೊಳ್ಳುವುದೇ ಹೋಸ್ಟಿಂಗ್. ಅಗ್ಗದ ಹೋಸ್ಟಿಂಗ್ ಎಂದರೆ ನಮ್ಮ ವಠಾರವೇ ಸರಿ: ಒಂದೇ ಬಾಗಿಲ ಸಂಖ್ಯೆ, ಒಳಗೆ ನೂರಾರು ತಾಣಗಳು. ಬ್ರೌಸರು ಬಾಗಿಲಿಗೆ ಬಂದು ಬೇಕಾದವರ ಹೆಸರನ್ನೂ ಹೇಳಬೇಕು. ಪಕ್ಕದವರ ಗದ್ದಲ ಮಿತಿಮೀರಿದರೆ ನಮ್ಮ ತಾಣವೂ ನಿಧಾನವಾಗುವುದುಂಟು.

ಹೆಸರನ್ನು 'ಕೊಂಡೆವು' ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಅದು ವರ್ಷಗಳ ಲೆಕ್ಕದ ಗುತ್ತಿಗೆ. ನಮ್ಮ ಕಾಲೇಜಿನ ವಿಜ್ಞಾನ ಸಂಘದ ತಾಣಕ್ಕಾಗಿ ನಾವು ಹೆಸರನ್ನೂ ಹೋಸ್ಟಿಂಗನ್ನೂ ಒಬ್ಬ ಮಧ್ಯವರ್ತಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದೆವು. ಅವರು ಉದ್ಯೋಗ ಬದಲಿಸಿ ಹೊರಟುಹೋದ ಮೇಲೆ, ಹೆಸರು ನೋಂದಣಿಯಾಗಿದ್ದುದು ಅವರದೇ ಖಾತೆಯಲ್ಲಿ ಎಂದು ತಿಳಿಯಿತು. ಎಚ್ಚರಿಕೆಯ ಪತ್ರಗಳೆಲ್ಲ ಅವರ ಹಳೆಯ ಮಿಂಚಂಚೆಗೇ ಹೋಗಿ ಬಿದ್ದಿದ್ದವು. ಲೇಖನಗಳ ಪ್ರತಿ ನಮ್ಮಲ್ಲಿದ್ದುದರಿಂದ ತಾಣವನ್ನು ಒಂದು ವಾರದಲ್ಲಿ ಮತ್ತೆ ಕಟ್ಟಿದೆವು. ಹೆಸರು ಮಾತ್ರ ಬೇರೆಯವರ ಪಾಲಾಗಿದ್ದಿತು. ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಕೊಟ್ಟಿದ್ದ ಹಳೆಯ ಕೊಂಡಿಗಳು ಇಂದು ಯಾವುದೋ ಜಾಹೀರಾತಿಗೆ ಒಯ್ಯುತ್ತವೆ.

ಆದುದರಿಂದ ಈಗ ಹೆಸರು ಸಂಘದ ಖಾತೆಯಲ್ಲಿದೆ, ಹೋಸ್ಟಿಂಗ್ ಇನ್ನೊಬ್ಬರಲ್ಲಿದೆ. ಹೋಸ್ಟಿಂಗ್ ರುಚಿಸದಿದ್ದರೆ ಕಡತಗಳನ್ನು ಬೇರೆಡೆಗೆ ಸಾಗಿಸಿ, ಹೆಸರಿನ ಎದುರಿಗಿರುವ ಸಂಖ್ಯೆಯನ್ನು ತಿದ್ದಿದರಾಯಿತು. ಹಾಗೆ ಮಾಡುವವರು ಹಳೆಯ ಬಾಡಿಗೆಯನ್ನು ಅಂದೇ ಮುಗಿಸಬಾರದು. ಹಳೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುವ ಯಂತ್ರಗಳು ಒಂದೆರಡು ದಿನ ಅಲ್ಲಿಗೇ ಹೋಗಿ ಬಾಗಿಲು ತಟ್ಟುತ್ತಿರಬಹುದು.