ತೊಡೆಸಂದಿನ ನೋವು ವಾಯುವೇ?

ರಟ್ಟೀಹಳ್ಳಿಯ ಸುತ್ತಿನ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವ ತಾಯಂದಿರೂ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಪೂಜೆಗೆ ಕುಳ್ಳಿರುವ ಹಿರಿಯರೂ ತೊಡೆಸಂದು ಹಿಡಿದುಕೊಂಡರೆ ಅದನ್ನು ವಾಯುವೆಂದೇ ಬಗೆದು ಎಣ್ಣೆ ತಿಕ್ಕಿಸುವುದುಂಟು. ಆದರೆ ನೋವಿನ ಮೂಲವು ಕೆಲವರಲ್ಲಿ ಎಲುಬಿನ ಆಕಾರದಲ್ಲಿಯೇ ಇರುತ್ತದೆ.

ಸೊಂಟದ ಕೀಲೆಂದರೆ ಬಟ್ಟಲಿನೊಳಗೆ ತಿರುಗುವ ಗುಂಡು. ತೊಡೆಯೆಲುಬಿನ ಗುಂಡು ತನ್ನ ಕೊರಳಿನ ಬಳಿ ಉಬ್ಬಿದ್ದರೆ, ಇಲ್ಲವೇ ಬಟ್ಟಲಿನ ಅಂಚು ಮಿತಿಮೀರಿ ಚಾಚಿದ್ದರೆ, ತೊಡೆಯನ್ನು ಮಡಿಚಿ ತಿರುಗಿಸಿದಾಗ ಎರಡೂ ತಾಗುತ್ತವೆ. ಅಂಚಿನ ಮೆತ್ತನೆಯ ಬಳೆ ಹರಿಯಬಹುದು, ಒಳಗಿನ ಮೃದ್ವಸ್ಥಿ ಸವೆಯಬಹುದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಕೀಲುಸವೆತದ ಒಂದು ಕಾರಣವೆಂದು ವಿವರಿಸಿದರು.

ಎಕ್ಸ್‌ರೇಯಲ್ಲಿ ಉಬ್ಬು ಕಂಡಮಾತ್ರಕ್ಕೆ ರೋಗವೆನ್ನಲಾಗದು. ನೋವಿಲ್ಲದವರಲ್ಲಿಯೂ ಅದು ಕಾಣುವುದು. ನೋವು, ವೈದ್ಯರ ಪರೀಕ್ಷೆ, ಚಿತ್ರ ಮೂರೂ ಹೊಂದಬೇಕು.

ಮೊದಲ ಚಿಕಿತ್ಸೆಯೆಂದರೆ ನೋಯುವ ಭಂಗಿಯನ್ನು ಬಿಟ್ಟು, ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಬಲ್ಲವರಿಂದ ಕಲಿತು ಕೆಲವು ತಿಂಗಳು ಮಾಡುವುದು. ಪದ್ಮಾಸನ ಕೂಡಲೆಂದು ಮೊಣಕಾಲನ್ನು ನೆಲಕ್ಕೊತ್ತುವ ಉತ್ಸಾಹಿಗಳುಂಟು. ಅದು ಯೋಗವಲ್ಲ, ಹಿಂಸೆ. ಎತ್ತರದ ಕುರ್ಚಿಯ ಮೇಲೆ ಕುಳಿತು ಮಾಡಿದ ಇಷ್ಟಲಿಂಗಪೂಜೆಗೆ ಯಾವ ಕೊರತೆಯೂ ಇಲ್ಲ. ಇಷ್ಟಾದರೂ ನೋವು ಇಳಿಯದವರಿಗೆ ಸಣ್ಣ ರಂಧ್ರದ ಮೂಲಕ ಉಬ್ಬನ್ನು ಕೆತ್ತುವ ಶಸ್ತ್ರಚಿಕಿತ್ಸೆಯಿದೆ. ಬ್ರಿಟನ್ನಿನಲ್ಲಿ 348 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಬಳಿಕ ಇಬ್ಬಗೆಯವರೂ ಸುಧಾರಿಸಿದ್ದರು. ಶಸ್ತ್ರಚಿಕಿತ್ಸೆಯವರು ತುಸು ಹೆಚ್ಚು.

ಜ್ವರದೊಡನೆ ನೋವು ಬಂದರೆ, ಕಾಲೂರಲಾಗದಿದ್ದರೆ, ಬೆಳೆಯುವ ಮಗು ಕುಂಟತೊಡಗಿದರೆ, ಎಣ್ಣೆಗಾಗಲಿ ವ್ಯಾಯಾಮಕ್ಕಾಗಲಿ ಕಾಯದೆ ಅಂದೇ ಹಾವೇರಿ ಇಲ್ಲವೇ ಹುಬ್ಬಳ್ಳಿಯ ಎಲುಬು-ಕೀಲು ವೈದ್ಯರನ್ನು ಕಾಣಬೇಕು.